ಮೌಲಾಲಿ ಸೌಂಡ್ಸ್, ಗಂಜ್ ರೋಡ್

ಬೆಳಿಗ್ಗೆ ಆರಕ್ಕ ಹೋಗಿ ವೈರ್ ಎಳದೀನಿ.
ರಂಗಮಂದಿರದ ಕಸ ಇನ್ನಾ ಹೊಡದಿದ್ದಿಲ್ಲ,
ನಿನ್ನಿ ಯಾರದೋ ನಿವೃತ್ತಿ ಸನ್ಮಾನ,
ಗುಲಾಬಿ ಪಕಳಿ ಅಂಗಾಲಿಗೆ ಹತ್ತತಾವ.
ಹಲೋ, ಹಲೋ, ಒಂದು ಎರಡು ಮೂರು –
ಖಾಲಿ ಕುರ್ಚಿಗೋಳು ಎಷ್ಟು ಶಿಸ್ತಿಲೆ ಕೇಳ್ತಾವ.

ಊರಿಗೆ ವಿಶ್ವವಿದ್ಯಾಲಯ ಬಂದ ಮ್ಯಾಲ
ನನಗ ವರ್ಷಕ್ಕ ನಾಕು ಕಾರ್ಯಕ್ರಮ ಜಾಸ್ತಿ.
ಮೊದಲ ಇದ್ದದ್ದು ಶಾದಿ, ಇಲೆಕ್ಷನ್, ಗಣಪತಿ,
ಸತ್ತವರ ಸುದ್ದಿ ಹೇಳಾಕ ಆಟೊದ ಮ್ಯಾಲ ಎರಡು ಭೋಂಗಾ.
ಈಗ ಯುವಜನೋತ್ಸವ. ಬ್ಯಾನರಿನ್ಯಾಗ ಒಂದು ನವಿಲು,
ರಾಯಚೂರ ಬಿಸಲಿನ ಪರಿಚಯ ಅದಕ್ಕ ಇದ್ದಂಗಿಲ್ಲ.

ಹತ್ತೂವರಿಗೆ ಅಂದ ದೀಪ ಹನ್ನೆರಡಕ್ಕ ಹಚ್ಚಿದರು.
ಅತಿಥಿಗಳು ಬಂದು ಮೊದಲ ಮೈಕು ಬಡೀತಾರ,
ನಿದ್ದಿ ಹತ್ತಿದ ಕೂಸಿನ ಗಲ್ಲ ಬಡದಂಗ.
ಸಮಯದ ಅಭಾವ ಅನ್ನೂದನ್ನ
ಒಬ್ಬೊಬ್ಬರು ಅರ್ಧ ತಾಸು ಹೇಳಿದರು.

ನನ್ನ ಎಡಗಿವಿ ಹೋಗಿ ಹನ್ನೊಂದು ವರ್ಷ –
ಡಿಜೆ, ಡೊಳ್ಳು, ಯಾರದೋ ವಿಜಯೋತ್ಸವ.
ಬಲಗಿವಿಲೆ ಮಾನ್ವಿ ಹುಡುಗನ ತಬಲಾ,
ಸಿಂಧನೂರಿನ ಸಮೂಹಗಾನ – ಒಬ್ಬಾಕಿ ಶ್ರುತಿ ಬಿಟ್ಟು ಹೊಂಟಿದ್ದಳು,
ಬಾಜೂದಾಕಿ ಮೊಣಕೈಲೆ ತಿವಿದು ಒಳಗ ತಂದಳು.
ಗ್ರೀನ್ ರೂಮಿನ್ಯಾಗ ಮೀಸಿ ಅಂಟವಲ್ದಂತ ಅಳೋ ಶಕುನಿ,
ಬಾಗಿಲದಾಗ ರಂಗೋಲಿ, ಅದರ ಮ್ಯಾಲ ಚಾ ತಂದವನ ಕಾಲು.
ಎಲ್ಲಾ ನನ್ನ ಪೆಟಿಗಿ ಹಾದು ಹೋಗಬೇಕು:
ಒಬ್ಬಗ ಜರ ಎತ್ತು, ಒಬ್ಬಾಕಿಗೆ ಜರ ಇಳಸು.
ಕೇಳೂದು ನನ್ನ ಕೆಲಸ ಅಲ್ಲ, ಗುಂಡಿ ತಿರುವೂದು.

ಸಂಜಿ. ಜಾನಪದ ಗಾಯನ, ಸ್ಪರ್ಧಿ ಸಂಖ್ಯೆ ಹದಿನಾಲ್ಕು,
ಹುಲಿಗೆಮ್ಮ, ಬಿ.ಎ. ಎರಡನೆ ವರ್ಷ, ಸಿರವಾರ.
ಗೇಣು ಬಿಟ್ಟು ನಿಂದ್ರವ್ವಾ, ಅಂದೆ. ನಿಂತಳು,
ಕಾಲಿಗೆ ಮೊಳಿ ಹೊಡದಂಗ.
ಹಂತಿ ಪದ, ಅಂದಳು.
ಮುಂದಿನ ಸಾಲಿನ್ಯಾಗ ಯಾರೋ ನಕ್ಕರು,
ಗಂಡಸರ ಪದ ಅದು,
ರಾತ್ರಿ ಕಣದಾಗ ಎತ್ತು ತಿರುಗಸ್ತಾ ಹಾಡೂದು.
ಎರಡು ಸಾಲು ಆತು.
ಕರೆಂಟ್ ಹೋತು.

ಶಕ್ತಿನಗರದ ಚಿಮಣಿ ನಾಡಿಗೆಲ್ಲಾ ಬೆಳಕು ಹಂಚ್ತಾವಂತ;
ತೀನ್ ಕಂದೀಲಿನ ಊರಾಗ ಒಂದ ಕಂದೀಲಿಲ್ಲ.
ಜನರೇಟರಿಗೆ ಡೀಸೆಲ್ ತರಾಕ ಹೋದ ಹುಡುಗ
ಎಲ್ಲೋ ಮಿರ್ಚಿ ತಿನ್ನಾಕ ನಿಂತಾನ.

ಆಕಿ ನಿಲ್ಲಸಲಿಲ್ಲ.
ಮೈಕು ಸತ್ತದ್ದು ಗೊತ್ತಾತೋ ಇಲ್ಲೋ
ಕಾಲಿನ ಮೊಳಿ ಕಿತ್ತು ನಡ್ಯಾಕ ಹತ್ತಿದಳು.
ಸುತ್ತ. ನನ್ನ ಸ್ಟ್ಯಾಂಡಿನ ಸುತ್ತ.
ಬಾಡಿಗಿ ಸ್ಟ್ಯಾಂಡು ಮೇಟಿ ಆಗಿ ನಿಂತಿತ್ತು.
ಎತ್ತಿಲ್ಲ, ತೆನಿ ಇಲ್ಲ,
ಹಗಲೆಲ್ಲಾ ರಾತ್ರಿಯೆಲ್ಲಾ ತುಳಸೂದನ್ನ
ಈಗ ಮಷೀನು ತಾಸಿನ್ಯಾಗ ಮುಗಿಸಿ ಹೋಗ್ತದ;
ಆದರ ದನಿ ತಿರಗಿ ತಿರಗಿ ಬರ್ತಿತ್ತು,
ಬೆನ್ನು ಮಾಡಿದಾಗ ಸಣ್ಣಗ,
ಮಾರಿ ಮಾಡಿದಾಗ ಜ್ವಾಳ ತೂರಿದಂಗ ಮೈಮ್ಯಾಲ.
ಎತ್ತೂದು ಇಳಸೂದು ಆಕಿ ಕಾಲೇ ಮಾಡ್ತಿದ್ದವು.

"ಕೇಳಸವಲ್ದು!" ಅಂತ ಹಿಂದ ಒಬ್ಬ.
ನನ್ನ ಕೈ ಗುಂಡಿಗೆ ಹೋತು, ಮೂವತ್ತು ವರ್ಷದ ಚಟ.
ಗುಂಡಿ ತಿರುಗಿತು. ಏನೂ ಆಗಲಿಲ್ಲ.
ಅವ ತಾನ ಎದ್ದು ಮುಂದ ಬಂದು ಕುಂತ.
ಅವನ ಹಿಂದ ಇನ್ನೊಬ್ಬ. ಆಮ್ಯಾಲ ಕುರ್ಚಿ ಬಿಟ್ಟು
ಎಲ್ಲಾರು ನೆಲಕ್ಕ. ನಾನೂ,
ಬಲಗಿವಿ ಆ ಕಡೆ ಮಾಡಿ.

ಕರೆಂಟ್ ಬಂದಾಗ ಸ್ಪೀಕರು ಒಮ್ಮೆ ಕಿರಚಿತು.
ಓಡಿಹೋಗಿ ಬಂದ್ ಮಾಡಿ ಮತ್ತ ಬಂದು ಕುಂತೆ.

ಬಹುಮಾನ ಆಕಿಗೆ ಬರಲಿಲ್ಲ. ಸಮಯ ಮೀರಿತಂತ.

ರಾತ್ರಿ ವೈರ್ ಸುತ್ತುವಾಗ ಪಂಪನಗೌಡ ಸರ್ ಬಂದರು:
"ಮೌಲಾಲಿ, ಇಪ್ಪತ್ತು ನಿಮಿಷ ಮೈಕ್ ಇದ್ದಿಲ್ಲಲ್ಲ,
ಬಿಲ್ಲಿನ್ಯಾಗ ಜರ ಕಡೀಬೇಕಾಗ್ತದ."
ಕಡೀರಿ ಸರ್, ಅಂದೆ.
ಮೊಣಕೈಗೆ ವೈರ್ ಸುತ್ತತಾ ಇದ್ದೆ, ಒಂದ ಸಮ,
ಎಷ್ಟು ಸುತ್ತು ಆದವು ಅನ್ನೂದು ಮರತು.